ಹೆಸರುಹಲಗೆಯ ಎದುರು ಕೂತ ಇಬ್ಬರು

ಗದಗ, ಎರಡು ಸಾವಿರದ ಇನ್ನೂರ ಹದಿನೆಂಟನೆಯ ಇಸವಿ, ಎರಡನೆಯ ಬೇಸಿಗೆ.

ನರ್ಸಿಂಗ್ ಪರೀಕ್ಷೆ ಬರೆದು ಫಲಿತಾಂಶಕ್ಕೆ ಕಾಯುತ್ತಿರುವ ಅಕ್ಕನಿಗೆ ನೀಲಗಂಗಾ ಮಾಡುವ ನಮಸ್ಕಾರಗಳು.

ಮೇಲಿನ ತಾರೀಖು ನೋಡಿ ಗಾಬರಿಯಾಗಬೇಡಿ. ಲೆಕ್ಕ ಹಾಕಿದರೆ ನೀವು ನನ್ನ ಮುತ್ತಜ್ಜಿಯ ಮುತ್ತಜ್ಜಿಯ ಕಾಲದವರು. ಆದರೆ ನಿಮಗೂ ನನ್ನಷ್ಟೇ ವಯಸ್ಸಿರಬೇಕು, ಅದಕ್ಕೇ ಅಕ್ಕ ಎಂದೆ. ನನ್ನ ಕೆಲವು ಮಾತುಗಳು ವಿಚಿತ್ರವಾಗಿ ಕೇಳಿಸಿದರೆ ಕ್ಷಮಿಸಿ. ನಿಮ್ಮ ಕಾಲದಲ್ಲಿ ಇಲ್ಲದ ಎಷ್ಟೋ ವಸ್ತುಗಳಿಗೆ ನಾವು ಹೆಸರಿಟ್ಟುಕೊಂಡಿದ್ದೇವೆ. ನಿಮ್ಮಲ್ಲಿದ್ದ ಎಷ್ಟೋ ಹೆಸರುಗಳಿಗೆ ನಮ್ಮಲ್ಲಿ ವಸ್ತುವೇ ಉಳಿದಿಲ್ಲ.

ಇಲ್ಲಿ ವರ್ಷಕ್ಕೆ ಎರಡು ಬೇಸಿಗೆ. ಹೊತ್ತೇರಿದ ಮೇಲೆ ಸಂಜೆಯವರೆಗೆ ಎಲ್ಲರೂ ನೆಲಮನೆಯಲ್ಲಿರುತ್ತೇವೆ, ಎಂದರೆ ಮನೆಯ ಕೆಳಗೆ ತೋಡಿದ ತಂಪು ಕೋಣೆಯಲ್ಲಿ. ಜೋಳ ಈಗ ಬೆಳೆಯುವುದಿಲ್ಲ, ನವಣೆ ರೊಟ್ಟಿ ಉಣ್ಣುತ್ತೇವೆ. ಊರಿಗೆ ಬೇಕಾದ ಕರೆಂಟೆಲ್ಲ ಗುಡ್ಡದ ಮೇಲಿನ ಗಾಳಿಕಂಬಗಳಿಂದ ಬರುತ್ತದೆ. ಗಾಳಿ ನಿಂತರೆ ಇರುವಷ್ಟನ್ನು ಆಸ್ಪತ್ರೆಗೆ, ನೀರಿನ ಪಂಪಿಗೆ ಕೊಟ್ಟು, ದೂರದ ಊರುಗಳೊಂದಿಗೆ ಮಾತಾಡುವ ತಂತಿಯನ್ನು ಮುಚ್ಚಿಬಿಡುತ್ತಾರೆ. ನನ್ನ ಅವ್ವ ಕಾರವಾರದಾಚೆ ತೇಲೂರಿನಲ್ಲಿದ್ದಾಳೆ. ಕಡಲು ಮೇಲೇರಿದಾಗ ತೆಪ್ಪಗಳ ಮೇಲೆ ಕಟ್ಟಿಕೊಂಡ ಊರು ಅದು. ಅಲ್ಲಿ ಮೀನು ಒಣಗಿಸುವ ಕೆಲಸ ಅವಳದು. ಈ ಸಲ ಗಾಳಿ ನಿಂತು ವಾರಗಳೇ ಕಳೆದಿವೆ. ಅವ್ವನ ದನಿ ಕೇಳದೆ ನನಗೂ ಅಷ್ಟೇ ವಾರಗಳಾದವು.

ನಮ್ಮ ಕಾಲದ ನರ್ಸ್ ಸೂಜಿ ಚುಚ್ಚುವುದಿಲ್ಲ, ಔಷಧಿ ಅಳೆಯುವುದಿಲ್ಲ. ಅದೆಲ್ಲ ಪ್ರತಿ ಹಾಸಿಗೆಯ ಪಕ್ಕ ನಿಂತಿರುವ ಮದ್ದಾಳು ಎಂಬ ಯಂತ್ರದ ಕೆಲಸ. ಅದು ತಪ್ಪುವುದಿಲ್ಲ, ದಣಿಯುವುದಿಲ್ಲ. ಹೆದರಿದವರ ಪಕ್ಕ ಕೂರುವುದು, ಊಟ ಒಲ್ಲೆ ಎನ್ನುವವರಿಗೆ ಉಣಿಸುವುದು, ಹೇಳದೆ ನುಂಗಿದ ನೋವನ್ನು ಮುಖ ನೋಡಿ ತಿಳಿಯುವುದು ನಮಗೆ ಉಳಿದಿವೆ. ಪರೀಕ್ಷೆಯೂ ಅದರದೇ. ಒಬ್ಬ ರೋಗಿಯನ್ನು ಒಪ್ಪಿಸುತ್ತಾರೆ, ಕೆಲವು ಹಗಲು ಅವರ ಜೊತೆಗಿದ್ದು ಬರಬೇಕು. ಆ ರೋಗಿ ಗುಣವಾಗಿ ಮನೆಗೆ ಹೊರಟರೆ ಪರೀಕ್ಷಕರು ಅವರನ್ನೇ ವಿಚಾರಿಸುತ್ತಾರೆ, ತೀರಿಕೊಂಡರೆ ಮನೆಯವರನ್ನು ವಿಚಾರಿಸುತ್ತಾರೆ. ಎರಡರಲ್ಲಿ ಒಂದು ಆಗುವವರೆಗೂ ಫಲಿತಾಂಶವಿಲ್ಲ. ಈ ಅವಧಿಗೆ ಕೈಕಟ್ಟು ಎಂದು ಹೆಸರು. ಕೈಕಟ್ಟಿನಲ್ಲಿರುವವರು ವಾರ್ಡಿಗೆ ಹೋಗುವಂತಿಲ್ಲ, ತಮ್ಮ ರೋಗಿಯ ಮನೆಯವರೊಂದಿಗೆ ಮಾತಾಡುವಂತಿಲ್ಲ.

ನನ್ನ ಪಾಲಿಗೆ ಬಂದವರು ದ್ಯಾಮಪ್ಪಜ್ಜ, ದೂಳು ಕುಡಿದು ಎದೆ ಕೆಟ್ಟಿದ್ದ ಮುದುಕರು. ಹಿಂದಿನ ವರ್ಷ ನಾನು ಒಮ್ಮೆ ಫೇಲಾಗಿದ್ದೆ. ಈ ಸಲವೂ ಹೋದರೆ ಇನ್ನೊಂದು ಅವಕಾಶವಿಲ್ಲ. ಕೊನೆಯ ದಿನ ಅಜ್ಜ ನನ್ನ ಸೆರಗು ಹಿಡಿದು ಕೇಳಿದರು: “ತಂಗೀ, ನಾ ಉಳೀತೀನೇನ?”

“ಗೊತ್ತಿಲ್ಲ ಯಜ್ಜಾ” ಎಂದೆ. ಅವರು ಗೋಡೆಯ ಕಡೆ ಹೊರಳಿದರು. ಅಷ್ಟರಲ್ಲಿ ನನ್ನ ಹೊತ್ತು ಮುಗಿಯಿತು.

ಆಮೇಲೆ ಶುರುವಾಯಿತು ನೋಡಿ. ಜೊತೆಯವರ ರೋಗಿಗಳು ಒಬ್ಬೊಬ್ಬರಾಗಿ ಗುಣವಾದರು. ಆಸ್ಪತ್ರೆಯ ಗೇಟಿನ ಹತ್ತಿರ ಫಲಿತಾಂಶ ಹಾಕುವ ಒಂದು ಹೆಸರುಹಲಗೆ ಇದೆ. ಅದರಲ್ಲಿ ಗೆಳತಿಯರ ಹೆಸರು ಬಂದಂತೆಲ್ಲ ಹಾಸ್ಟೆಲಿನ ಕೋಣೆಗಳು ಖಾಲಿಯಾದವು. ಕೊನೆಗೆ ಆ ದೊಡ್ಡ ನೆಲಮನೆಯಲ್ಲಿ ನಾನೊಬ್ಬಳೇ ಉಳಿದೆ. ತೊಳೆದ ಪಾತ್ರೆಯನ್ನೇ ಮತ್ತೆ ತೊಳೆಯುತ್ತಿದ್ದೆ. ಮೇಲೆ ಯಾರದೋ ಹೆಜ್ಜೆ ಸಪ್ಪಳವಾದರೆ ಮೆಟ್ಟಿಲವರೆಗೆ ಓಡುತ್ತಿದ್ದೆ. “ಗೊತ್ತಿಲ್ಲ” ಎನ್ನುವ ಬದಲು ಏನು ಹೇಳಬಹುದಿತ್ತು ಎಂದು ನೂರು ಉತ್ತರ ಕಟ್ಟಿದೆ, ಒಂದೂ ಸರಿಯೆನಿಸಲಿಲ್ಲ. ಮೈಯಲ್ಲಿ ನಡುಕ ಹತ್ತಿದಾಗ ನೆಲಕ್ಕೆ ಬೆನ್ನು ಹಚ್ಚಿ ಮಲಗಿ, ಕಲ್ಲಿನ ತಂಪು ಬೆನ್ನಿಗೆ ಏರುವವರೆಗೆ ಹಾಗೇ ಇರುತ್ತಿದ್ದೆ. ಅದರಿಂದ ಸ್ವಲ್ಪ ಹೊತ್ತು ಸಮಾಧಾನವಾಗುತ್ತಿತ್ತು, ಅಷ್ಟೇ.

ಒಂದು ಸಂಜೆ ರೊಟ್ಟಿ ಮುರಿಯುತ್ತಿದ್ದಾಗ ಮನಸ್ಸು ತಾನಾಗಿ ಅಂದಿತು: ಇನ್ನೂ ಎಷ್ಟು ದಿನ ಎಳೀತಾನ ಈ ಮುದುಕ?

ಮುರಿದ ರೊಟ್ಟಿಯನ್ನು ತಟ್ಟೆಗೆ ಹಾಕಿದೆ. ಅಕ್ಕಾ, ನಾನು ಯಾರ ಸಾವಿಗೆ ಕಾಯುತ್ತಿದ್ದೆನೋ ಅವರ ಬಾಯಿಗೆ ಗಂಜಿ ಹಾಕಿದ ಕೈ ಇದೇ.

ಮನೆಯೊಳಗೆ ಕೂರಲಾಗದೆ ಆಸ್ಪತ್ರೆಯ ಗೇಟಿಗೆ ನಡೆದೆ. ಹಲಗೆಯ ಎದುರಿನ ಕಟ್ಟೆಯ ಮೇಲೆ ಒಬ್ಬ ಹೆಂಗಸು ಬುತ್ತಿ ಬಿಚ್ಚಿಕೊಂಡು, ಉಣ್ಣದೆ ಸುಮ್ಮನೆ ಕೂತಿದ್ದಳು. ಅಜ್ಜನ ಮಗಳು ಕಲ್ಲವ್ವ. ವಾರ್ಡಿನಲ್ಲಿ ನೋಡಿದ್ದೆ. ತಿರುಗಿ ಹೋಗಬೇಕೆನ್ನುವಷ್ಟರಲ್ಲಿ ಅವಳೇ ಕರೆದಳು.

“ಅಪ್ಪನ ಕಡೆ ಇದ್ದಾಕಿ ನೀನ ಅಲ್ಲೇನವಾ?”

“ಹೌದ್ರೀ. ಆದ್ರ ನಾ ನಿಮ್ಮ ಕೂಡ ಮಾತಾಡೋ ಹಂಗಿಲ್ಲ. ಕೈಕಟ್ಟಿನ್ಯಾಗ ಅದೀನಿ.”

ಅವಳು ಸ್ವಲ್ಪ ಸರಿದು ಜಾಗ ಮಾಡಿದಳು. “ಮಾತ ಬ್ಯಾಡ ಬಿಡು. ಕುಂದ್ರು.”

ಕೂರಬಾರದು ಎಂದು ಎಲ್ಲಿಯೂ ಬರೆದಿರಲಿಲ್ಲ. ಕೂತೆ. ಅವಳು ಅರ್ಧ ರೊಟ್ಟಿ ನನ್ನ ಕೈಗಿಟ್ಟಳು. ಅಂದಿನಿಂದ ಹೊತ್ತು ಇಳಿದ ಮೇಲೆ ದಿನವೂ ಅಲ್ಲಿ ಸೇರುತ್ತಿದ್ದೆವು. ಅವಳು ಒಳಗಿನ ಸುದ್ದಿಗೆ ಕಾಯುತ್ತಿದ್ದಳು, ನಾನು ಹಲಗೆಯ ಸುದ್ದಿಗೆ. ಒಂದು ಮಾತೂ ಇಲ್ಲ. ಅವಳು ಒಮ್ಮೊಮ್ಮೆ ನಿಟ್ಟುಸಿರು ಬಿಡುವಳು, ನಾನು ಒಮ್ಮೊಮ್ಮೆ ಕಾಲು ಅಲುಗಿಸುವೆ, ಆಗ ಅವಳು ನನ್ನ ಮೊಣಕಾಲಿನ ಮೇಲೆ ಅಂಗೈ ಊರುವಳು. ಹೆದರಿಕೆ ಹೋಗಲಿಲ್ಲ. ಆದರೆ ಆ ಕಟ್ಟೆಯ ಮೇಲಿದ್ದಷ್ಟು ಹೊತ್ತು ಅದು ನನ್ನೊಬ್ಬಳದೇ ಅನಿಸುತ್ತಿರಲಿಲ್ಲ.

ಒಂದು ಸಂಜೆ ಅವಳು ಒಳಗಿನಿಂದ ಬಂದಳು. ಸೆರಗು ತಲೆಯ ಮೇಲಿತ್ತು.

“ಹೋದ ನಮ್ಮಪ್ಪ.”

ನನ್ನ ಎದೆಯೊಳಗೆ ಏನೋ ಸಡಿಲವಾಯಿತು. ದುಃಖಕ್ಕಿಂತ ಮೊದಲು ಬಂದದ್ದು ಅದು. ನನ್ನ ಮುಖದ ಮೇಲೆ ಅದು ಕಂಡಿತೇನೋ ಎಂದು ಹೆದರಿ ತಲೆ ತಗ್ಗಿಸಿದೆ. ಅಜ್ಜ ತೀರಿಕೊಂಡಿದ್ದರಿಂದ ಕೈಕಟ್ಟು ಮುಗಿದಿತ್ತು, ಈಗ ಮಾತಾಡಬಹುದಿತ್ತು. ಅವಳೇ ಮೊದಲು ಆಡಿದಳು.

“ಒಂದ ಮಾತ ಹೇಳ್ತೀನಿ, ಯಾರ ಮುಂದೂ ಹೇಳಿಲ್ಲ. ಸಾಕಿನ್ನ, ಹೋಗಿಬಿಡಲಿ ಅಂತ ನನಗ ಎಷ್ಟೋ ಸಲ ಅನಿಸ್ತು. ಹೊಟ್ಟ್ಯಾಗ ಹುಟ್ಟಿದಾಕಿ ನಾ ಹಂಗ ಅನ್ಕೋಬಾರದಿತ್ತಲ್ಲ?”

“ನನಗೂ ಅನಿಸ್ತ್ರೀ ಕಲ್ಲವ್ವಾ” ಎಂದೆ.

ಅವಳು ನನ್ನನ್ನು ದಿಟ್ಟಿಸಿ ನೋಡಿದಳು. ಬೈಯುತ್ತಾಳೆ ಅಂದುಕೊಂಡೆ. ಕೈ ಹಿಡಿದು ಪಕ್ಕದಲ್ಲಿ ಕೂರಿಸಿಕೊಂಡಳು, ಆಮೇಲೆ ಇಬ್ಬರೂ ಅತ್ತೆವು. ಮರುದಿನ ಮುಂಡರಗಿಯ ಕಡೆಯ ತನ್ನ ಹಳ್ಳಿಗೆ ಹೋದಳು. ಪರೀಕ್ಷಕರು ಅವಳನ್ನು ಏನು ಕೇಳಿದರು, ಅವಳು ಏನು ಹೇಳಿದಳು, ನನಗೆ ತಿಳಿಯದು. ಅದನ್ನು ನಮಗೆ ತಿಳಿಸುವ ಪದ್ಧತಿಯಿಲ್ಲ.

ನಾಲ್ಕಾರು ದಿನದ ಮೇಲೆ ಹಲಗೆಯಲ್ಲಿ ನನ್ನ ಹೆಸರು ಬಂತು. ಪಾಸು.

ಕುಣಿದಾಡಬೇಕಿತ್ತು. ನೆಲಮನೆಗೆ ಬಂದು ದೀಪ ಹಚ್ಚಿ, ಯಾರಿಗೆ ಹೇಳಲಿ ಎಂದು ಸುತ್ತ ನೋಡಿದೆ. ಸಾಲು ಮಂಚಗಳು ಮಾತ್ರ ಇದ್ದವು. ತಂತಿಯ ಮನೆಗೆ ಓಡಿದೆ. “ಗಾಳಿ ಬರೂತನಾ ತೇಲೂರಿಗಿ ಮಾತಿಲ್ಲ ತಂಗೀ” ಎಂದರು. ಅಷ್ಟು ದಿನ ಕಾದಾಗಲೂ ಆಗದ ಒಂಟಿತನ ಆ ಹೊತ್ತಿನಲ್ಲಿ ಆಯಿತು. ಭಯಕ್ಕೆ ಜೊತೆ ಸಿಕ್ಕಿತ್ತು, ಸಂತೋಷಕ್ಕೆ ಯಾರೂ ಇರಲಿಲ್ಲ.

ಮತ್ತೆ ಗೇಟಿನ ಕಡೆ ನಡೆದೆ. ಅಲ್ಲಿ ಗುರುತಿಲ್ಲದ ಒಬ್ಬ ಹಿರಿಯರು ಟವೆಲಿನಿಂದ ಗಾಳಿ ಬೀಸಿಕೊಳ್ಳುತ್ತ ನಿಂತಿದ್ದರು. ನಾಚಿಕೆ ಬಿಟ್ಟು ಹೇಳಿದೆ: “ಕಾಕಾ, ನಾ ನರ್ಸ್ ಪಾಸಾದೆ.”

“ಛಲೋ ಆತ ಬಿಡವಾ” ಎಂದರು. ಸ್ವಲ್ಪ ತಡೆದು, “ಒಳಗ ನಮ್ಮಾಕಿ ಮಲಗ್ಯಾಳ. ಈ ಹೊತ್ತಿನ್ಯಾಗ ನನ್ನ ಬಿಡವಲ್ರು. ಉಂಡಾಳೋ ಇಲ್ಲೋ, ಅಷ್ಟ ನೋಡಿ ಬರ್ತೀಯೇನು?”

ಒಳಗೆ ಹೋದೆ. ಈಗ ನಾನು ನರ್ಸ್, ಯಾರೂ ತಡೆಯಲಿಲ್ಲ. ಆಕೆ ತಟ್ಟೆ ಮುಟ್ಟಿರಲಿಲ್ಲ. ಪಕ್ಕದಲ್ಲಿ ಕೂತು, ಗಂಡ ಹೊರಗೆ ಟವೆಲು ಬೀಸಿಕೊಳ್ಳುತ್ತಿರುವುದನ್ನು ಹೇಳಿದೆ. ನಕ್ಕು ಬಾಯಿ ತೆರೆದರು. ಹೊರಗೆ ಬಂದು “ಉಂಡ್ರು ಕಾಕಾ, ನಾಕ ತುತ್ತ” ಎಂದೆ. ಅವರು ಟವೆಲಿನಿಂದ ಕಣ್ಣು ಒರೆಸಿಕೊಂಡರು.

ಗಾಳಿ ಇನ್ನೂ ಬಂದಿಲ್ಲ. ಅವ್ವನಿಗೆ ಇನ್ನೂ ಗೊತ್ತಿಲ್ಲ. ಅವಳಿಗಿಂತ ಮೊದಲು ನಿಮಗೆ ಹೇಳಿದ್ದೇನೆ. ನಿಮ್ಮ ಫಲಿತಾಂಶ ಏನಾಗುವುದೋ ನಾನು ಬಲ್ಲವಳಲ್ಲ. ನಿಮ್ಮ ಕಾಲದವರ ಹೆಸರುಗಳು ಇಷ್ಟು ದೂರದ ನಮ್ಮ ಕಾಲಕ್ಕೆ ತಲುಪಿಲ್ಲ. ಒಂದೇ ಒಂದು ಕೇಳಿಕೊಳ್ಳುತ್ತೇನೆ. ಅದು ಬಂದ ದಿನ, ಒಳ್ಳೆಯದಿರಲಿ ಕೆಟ್ಟದ್ದಿರಲಿ, ಕದ ಹಾಕಿಕೊಂಡು ಒಬ್ಬರೇ ಕೂರಬೇಡಿ. ಬೀದಿಗೆ ಬಂದು ಮೊದಲು ಸಿಕ್ಕವರಿಗೆ ಬಾಯಿಬಿಟ್ಟು ಹೇಳಿ. ಅವರು ನಿಮಗೆ ಏನೂ ಆಗದವರಾಗಿದ್ದರೂ ಚಿಂತೆಯಿಲ್ಲ.

ನನ್ನ ಪಾಳಿಯ ಹೊತ್ತಾಯಿತು. ಹೋಗಿ ಬರುತ್ತೇನೆ, ಅಕ್ಕಾ.