ತಾಮ್ರ ತಿನ್ನುವ ತೊಟ್ಟಿ

ಫೆಬ್ರವರಿ 6, ಬೆಳಿಗ್ಗೆ

ತೊಟ್ಟಿಯ ಸಿಲಿಕೋನ್ ಅಂಟು ಇನ್ನೂ ಒಣಗಿಲ್ಲ. ಮುಟ್ಟಿದೆ, ಬೆರಳಿಗೆ ಅಂಟಿತು. ಎರಡು ಗಾಜು, ನಡುವೆ ನಾಲ್ಕು ಬೆರಳು ಜಾಗ, ಮೊಳದೆತ್ತರ. ಇದರಲ್ಲಿ ಫೆರಿಕ್ ಕ್ಲೋರೈಡಿನ ಕಂದು ದ್ರಾವಣ ತುಂಬಿ ಬೋರ್ಡ್ ಇಳಿಬಿಟ್ಟರೆ ಬೇಡದ ತಾಮ್ರವನ್ನೆಲ್ಲ ಅದು ತಿಂದುಹಾಕುತ್ತದೆ, ಸರ್ಕ್ಯೂಟಿನ ಗೆರೆಗಳಷ್ಟೇ ಉಳಿಯುತ್ತವೆ. ಇಷ್ಟು ವರ್ಷ ಟ್ರೇಯಲ್ಲಿ ಸುರಿದು ಕೈಯಲ್ಲೇ ಅಲ್ಲಾಡಿಸುತ್ತಿದ್ದೆ. ತೋಳು ಬಿದ್ದುಹೋಗುತ್ತಿತ್ತು.

ತಮ್ಮ ಹೊಸ್ತಿಲಲ್ಲೇ ನಿಂತು ನೋಡಿದ. "ಅಕ್ಕಾ, ಇದೊಂದು ರೆಡಿ ಆಗ್ಲಿ. ನೀನು ಮಾಡು, ನಾನು ಮಾರ್ತೀನಿ."

ಮಾರುವುದೆಂದರೆ, ಮೀನಿನ ತೊಟ್ಟಿಯ ನೀರು ಬೆಚ್ಚಗಿಡುವ ಕಂಟ್ರೋಲರ್. ಸರ್ಕ್ಯೂಟ್ ಪೂರ್ತಿ ನನ್ನದು. ಊರವರ ಮಿಕ್ಸಿ, ರೇಡಿಯೋ ರಿಪೇರಿ ಮಾಡಿಕೊಂಡೇ ಬಂದವಳು… ನನ್ನದು ಅಂತ ಹೇಳಿಕೊಳ್ಳಲು ಇದೊಂದೇ.

ಫೆಬ್ರವರಿ 8

ಸರ್ಕ್ಯೂಟಿನ ಗೆರೆಗಳ ಹೊಸ ನಕ್ಷೆ ಫಿಲಂ ಮೇಲೆ ಪ್ರಿಂಟ್ ಆಗಿ ಬಂತು. ಹಳೆಯದರಲ್ಲಿ ಮೇನ್ಸ್ ಕರೆಂಟಿನ ಗೆರೆ, ನೀರಿಗಿಳಿಯುವ ಸೆನ್ಸರಿನ ಗೆರೆಗೆ ತೀರಾ ಹತ್ತಿರವಿತ್ತು. ತೇವ ಕೂತರೆ ಕರೆಂಟ್ ದಾಟಿ ನೀರಿಗೇ ಇಳಿಯುತ್ತದೆ. ಹೊಸದರಲ್ಲಿ ದೂರ ಮಾಡಿದ್ದೇನೆ. ಎರಡನ್ನೂ ಕಿಟಕಿಗೆ ಹಿಡಿದು ತಮ್ಮನಿಗೆ ತೋರಿಸಿದೆ.

"ಅಬ್ಬಬ್ಬಾ, ನೀರಿಗೆ ಕೈ ಹಾಕಿದವನು ಹೋದ ಹಾಗೇನೆ!" ಎಂದ. ಎರಡನ್ನೂ ಒಂದೇ ಕವರಿಗೆ ಹಾಕಿಟ್ಟೆ.

ತಮ್ಮ ಚುರುಕಾಗಿದ್ದಾನೆ. ಕಲಿಸಿದರೆ ಕಲಿಯುತ್ತಾನೆ.

ಫೆಬ್ರವರಿ 12

ಸೋರಿತು! ಮೊದಲು ಬರೀ ನೀರು ಹಾಕಿ ನೋಡಿದ್ದು ಪುಣ್ಯ. ಅಮ್ಮನ ರಾಗ ಶುರು: "ಆ ಕಂದು ನೀರು ಚೆಲ್ಲಿದ್ರೆ ನೆಲದ ಗತಿ ಏನೇ? ಇದೇನು ಮನೆಯೋ ವರ್ಕ್‌ಶಾಪೋ!"

ತಮ್ಮ ಮಾತ್ರ ತಾಳ್ಮೆಯ ಮೂರ್ತಿ. "ಎಲ್ಲ ಕೆರೆದು ಮತ್ತೆ ಮೆತ್ತು. ಆತುರಗಾರನಿಗೆ ಬುದ್ಧಿಮಟ್ಟ ಅಂತ ನೀನೇ ಹೇಳ್ತಿಯಲ್ಲ ಅಕ್ಕಾ." ಎಷ್ಟು ಖುಷಿಯಾಯಿತು ಅಂದರೆ, ಅವನಿಗೆ ಎರಡನೇ ಸಲ ಕಾಫಿ ಮಾಡಿಕೊಟ್ಟೆ.

ಮಾರ್ಚ್ 5, ಸಂಜೆ

ಚಪ್ಪಲಿ ಕೂಡ ಬಿಚ್ಚದೆ ಬರೆಯಲು ಕೂತಿದ್ದೇನೆ. ಅಕ್ಷರ ಸೊಟ್ಟಗಾದರೆ ಆಗಲಿ.

ತೊಟ್ಟಿ ಕೊನೆಗೂ ನಿಂತಿತು, ಒಂದು ಹನಿ ಸೋರಲಿಲ್ಲ. ಗಾಳಿಗುಳ್ಳೆ ಎಬ್ಬಿಸಲು ಏರ್ ಪಂಪ್, ಬಿಸಿ ಮಾಡಲು ಹೀಟರ್ ಬೇಕಲ್ಲ — ಮೀನಿನಂಗಡಿಗೆ ಹೋದೆ. ಅಂಗಡಿಯವನು ಹೀಟರ್ ಜೊತೆ ಒಂದು ಡಬ್ಬಿಯನ್ನೂ ಎತ್ತಿಟ್ಟ. "ಕಂಟ್ರೋಲರ್ ಬೇಡ್ವಾ? ಅಯ್ಯೋ, ನಿಮ್ಮ ತಮ್ಮನ ಮಾಲನ್ನ ನಿಮಗೇ ಮಾರೋಕೆ ಹೊರಟೆ ನೋಡಿ!" ನಗುತ್ತಾನೆ.

ಬಿಚ್ಚಿಸಿದೆ. ಹಸಿರು ಬೋರ್ಡು, ಫ್ಯಾಕ್ಟರಿ ಕೆಲಸ, ಫಳಫಳ. ಗೆರೆಗಳು ನನ್ನವು. ಹೀಟರನ್ನು ಆನ್-ಆಫ್ ಮಾಡುವ ರಿಲೇ ಸುತ್ತ ನಾನು ಬಳಸಿ ತರುವ ತಿರುವು ಕೂಡ. ಮತ್ತೆ… ಮೇನ್ಸಿನ ಗೆರೆ ಸೆನ್ಸರಿನ ಪಕ್ಕದಲ್ಲೇ. ಹಳೇ ಫಿಲಂ.

"ಎಷ್ಟು ಜನಕ್ಕೆ ಕೊಟ್ಟಿದ್ದೀರಿ?"

"ಹೋದ ವಾರ ಬಂದಿದ್ದು. ಇದೊಂದು ಬಿಟ್ಟು ಎಲ್ಲ ಖಾಲಿ."

"ಒಬ್ಬೊಬ್ಬರಿಗೂ ಈಗಲೇ ಫೋನ್ ಮಾಡಿ. ಪ್ಲಗ್ ಕೀಳಲಿ. ಯಾರೂ ನೀರಿಗೆ ಕೈ ಹಾಕಬಾರದು."

ಅವನ ನಗು ಇಳಿಯಿತು. ನಾನು ಅಲ್ಲೇ ಸ್ಟೂಲ್ ಎಳೆದು ಕೂತೆ, ಕೊನೆಯ ಫೋನ್ ಮುಗಿಯುವವರೆಗೆ.

ಬೇಲಿಯೇ ಎದ್ದು ಹೊಲ ಮೇಯ್ದಿದೆ. ನಾನಿಲ್ಲಿ ಮೂಲೆಮೂಲೆಗೆ ಸಿಲಿಕೋನ್ ಮೆತ್ತುತ್ತಿದ್ದೆ, ಅವನು ನನ್ನ ಮೂಗಿಗೆ ತುಪ್ಪ ಸವರುತ್ತಿದ್ದ. ದ್ರೋಹಿ. ಬರೆದೇ ಬಿಡುತ್ತೇನೆ, ದ್ರೋಹಿ.

ಮಾರ್ಚ್ 6

ತಮ್ಮನ ಫೋನ್ ಸ್ವಿಚ್ ಆಫ್.

ಅಮ್ಮ: "ಒಡಹುಟ್ಟಿದವನು ಕಣೇ. ಹೊಟ್ಟೆಗೆ ಹಾಕ್ಕೋ."

"ಎಷ್ಟೂಂತ ಹಾಕ್ಕೊಳ್ಳಲಿ? ಇದೇನು ಹೊಟ್ಟೆಯೋ ಗೋಣಿಚೀಲವೋ?"

ಊಟ ಸೇರಲಿಲ್ಲ.

ಮಾರ್ಚ್ 10, ಮಧ್ಯಾಹ್ನ

ಹೊಸ ಫಿಲಮ್ಮಿನ ಬೋರ್ಡುಗಳನ್ನು ತೊಟ್ಟಿಗೆ ಇಳಿಸಿದ್ದೇನೆ. ಆ ಡಬ್ಬಿಗಳಿಗೆಲ್ಲ ಬದಲಿ ಹಾಕಬೇಕು. ತಪ್ಪು ಯಾರದಾದರೇನು, ನೀರಿಗೆ ಕೈ ಹಾಕುವವರಿಗೆ ಅದೆಲ್ಲ ಗೊತ್ತಿರುತ್ತದೆಯೇ? ಗುಳ್ಳೆ ಸಮನಾಗಿ ಏಳುತ್ತಿದೆ. ತಾಮ್ರ ಚೆನ್ನಾಗಿ ಕರಗುತ್ತಿದೆ. ಸಂತೋಷವೇನೂ ಆಗಲಿಲ್ಲ.

ಆಗಲೇ ತಮ್ಮ ಬಂದ. ಅಂಗಡಿಗೆ ವಾಪಸಾದ ಡಬ್ಬಿಗಳ ಚೀಲ ಕೆಳಗಿಟ್ಟ.

"ನಿನ್ನ ಟ್ಯಾಂಕ್ ಆಗೋಷ್ಟರಲ್ಲಿ ನಾನು ಮುದುಕ ಆಗ್ತಿದ್ದೆ ಅಕ್ಕಾ. ಫ್ಯಾಕ್ಟರಿಗೆ ಕೊಟ್ಟೆ. ಅಷ್ಟೇ ತಾನೇ?"

"ಕೊಟ್ಟೆ, ಸರಿ. ಹಳೇದನ್ನ ಯಾಕೋ ಕೊಟ್ಟೆ? ಹೊಸದೂ ಅದೇ ಕವರಿನಲ್ಲಿತ್ತು. ಅಪಾಯ ಅಂತ ಬಿಡಿಸಿ ಹೇಳಿದ್ದೆ. ನಿನಗೆ ಗೊತ್ತಿತ್ತು."

ಚೀಲದ ಹಿಡಿಯನ್ನು ತಿರುಚಿದ. ನಾನು ಬಿಡಲಿಲ್ಲ, ಮತ್ತೆ ಕೇಳಿದೆ.

"ಹೊಸದರ ಮೂಲೇಲಿ ನಿನ್ನ ಹೆಸರು ಇತ್ತಲ್ಲ. ನಂದು ಅಂತ ಹೇಗೆ ಮಾರ್ಲಿ?" ಎಂದ.

ಸಾಸಿವೆಯಷ್ಟು ಅಕ್ಷರ. ಏನೋ ಆಸೆಗೆ ಬರೆದದ್ದು. ಬ್ಲೇಡಿನಲ್ಲಿ ಎಳೆದರೆ ಹೋಗುತ್ತಿತ್ತು. ಅಯ್ಯೋ, ಒಂದು ಮಾತು ಕೇಳಿದ್ದರೆ ನಾನೇ ಕೆರೆದು ಕೊಡುತ್ತಿದ್ದೆನಲ್ಲ.