ಒರ್ನೆಲ್ಲಾಳ ನಾಲ್ಕು ಗಂಟೆ

ಪಿಯೆತ್ರಸಾಂತಾ
೨೯ ಸೆಪ್ಟೆಂಬರ್ ೨೦೨೪, ಭಾನುವಾರ

ನನ್ನ ಮುದ್ದು ಒರ್ನೆಲ್ಲಾ,

ನಿನ್ನ ಹಟಮಾರಿ ಅಮ್ಮನ ಮುತ್ತುಗಳು, ಎರಡೂ ಕೆನ್ನೆಗೆ. ಫೋನ್ ಮಾಡದೆ ಕಾಗದ ಯಾಕೆ ಬರೆಯುತ್ತಿದ್ದೇನೆ ಎಂದರೆ, ಫೋನಿನಲ್ಲಿ ನಾನು ಎರಡು ಮಾತಾಡುವಷ್ಟರಲ್ಲಿ ನೀನು ಮೂರು ಪ್ರಶ್ನೆ ಕೇಳುತ್ತೀಯ. ಇವತ್ತು ನಾನು ಹೇಳಬೇಕಾದದ್ದನ್ನು ನಡುವೆ ಯಾರಾದರೂ ತಡೆದರೆ ಮತ್ತೆ ಹದಿನೈದು ವರ್ಷ ಬಾಯಿ ಬಿಡುವುದಿಲ್ಲ. ಆದ್ದರಿಂದ ಕೂತುಕೊಂಡು, ಕನ್ನಡಕ ಹಾಕಿಕೊಂಡು, ಕೊನೆಯವರೆಗೂ ಓದು.

ಬುಧವಾರ ನೀನು ಮೂರನೆಯ ಸಲ ಕರೆದೆ. ಅಕ್ಟೋಬರ್ ಹದಿನೆಂಟಕ್ಕೆ ಪೀಸಾದಲ್ಲಿ, ರೋಬೋಟ್ ಸಂಶೋಧನಾ ಸಂಸ್ಥೆಯ ಹೊಸ ಮುಖ್ಯಸ್ಥೆಯಾಗಿ ನಿನ್ನ ಮೊದಲ ಭಾಷಣ. ನಾನು ಮೊದಲ ಸಾಲಿನಲ್ಲಿ ಕೂರಬೇಕು. ಆಕ್ಟೋಪಸ್ಸಿನ ಹಾಗೆ ಆಡುವ ನಿನ್ನ ಮೊಟ್ಟಮೊದಲ ರಬ್ಬರ್ ತೋಳಿಗೆ ಅಚ್ಚು ಮಾಡಿಕೊಟ್ಟವಳು ಇವಳೇ ಎಂದು ನೀನು ನನ್ನನ್ನು ಎಬ್ಬಿಸಿ ನಿಲ್ಲಿಸಿ ಎಲ್ಲರಿಗೂ ತೋರಿಸಬೇಕು. ನಾನು ಮೂರನೆಯ ಸಲವೂ ಮೊಣಕಾಲು ನೋವು ಎಂದೆ. ನೀನು, "ಅಮ್ಮಾ, ನಿಜ ಹೇಳು, ನನ್ನ ಕೆಲ್ಸ ಅಂದ್ರೆ ನಿಂಗೆ ನಾಚ್ಕೆನಾ?" ಎಂದು ಕೇಳಿದೆ. ಆ ಮಾತು ನನ್ನನ್ನು ನಾಲ್ಕು ದಿನದಿಂದ ಕೊರೆಯುತ್ತಿದೆ. ಮೊಣಕಾಲಿಗೆ ಏನೂ ಆಗಿಲ್ಲ. ನಿನ್ನೆ ಚರ್ಚಿನ ಹಿಂದಿನ ದಾರಿಯಲ್ಲಿ ಕೋಟೆಯವರೆಗೆ ಹತ್ತಿ ಬಂದೆ.

ನಾಚಿಕೆಯಂತೆ! ಈ ಊರಿನಲ್ಲಿ ನಿನ್ನ ಬಗ್ಗೆ ನನ್ನ ಬಾಯಿಂದ ಕೇಳದೆ ಉಳಿದ ಒಬ್ಬ ಮನುಷ್ಯನನ್ನು ತೋರಿಸು. ಮೀನಂಗಡಿಯವನು ಪಾಪ, ಆಕ್ಟೋಪಸ್ ತೂಗುವಾಗಲೆಲ್ಲ ನನ್ನ ಉಪನ್ಯಾಸ ಕೇಳಿ ಕೇಳಿ, ಈಗ ನನ್ನನ್ನು ಕಂಡರೆ ಬೇರೆ ಮೀನು ತೋರಿಸುತ್ತಾನೆ. ಮೂಳೆಯಿಲ್ಲದ ತೋಳು ಹೇಗೆ ಉದ್ದವಾಗುತ್ತದೆ, ಬೇಕಾದ ಜಾಗದಲ್ಲಿ ಹೇಗೆ ಬಿಗಿದು ಮೊಣಕೈ ಮಾಡಿಕೊಳ್ಳುತ್ತದೆ ಎಂದು ಅವನಿಗೂ ಬಾಯಿಪಾಠವಾಗಿದೆ. ಪಕ್ಕದ ಮನೆಯ ಅರ್ಜಿಯಾ ಗೊತ್ತಲ್ಲ, ಅವಳ ನಾಲಿಗೆಗೆ ಮೂಳೆಯಿಲ್ಲದ್ದು ಯಾವ ವಿಜ್ಞಾನಿಯೂ ಸಂಶೋಧಿಸದ ಸತ್ಯ. ಹೋದ ತಿಂಗಳು ಬಟ್ಟೆ ಒಣಹಾಕುತ್ತಾ, "ಏನೇ ಇಸೋಲಿನಾ, ನಿನ್ ಮಗಳು ಇನ್ನೂ ರಬ್ಬರ್ ಗೊಂಬೆ ಇಟ್ಕೊಂಡು ಆಟ ಆಡ್ತಾಳಾ?" ಎಂದು ಕೆಣಕಿದಳು. ನಾನು ಬಿಟ್ಟೇನೇ? "ಹೂಂ ಕಣೇ, ನಿನ್ ಮಗ ಮೋಟರ್‌ಬೈಕ್ ಇಟ್ಕೊಂಡು ಆಡ್ತಾನಲ್ಲ, ಹಂಗೇ. ನನ್ ಮಗಳ ಆಟ ನೋಡೋಕೆ ಜಪಾನಿಂದ ಜನ ಬರ್ತಾರೆ, ನಿನ್ ಮಗನ ಆಟ ನೋಡೋಕೆ ಪೊಲೀಸ್ರು ಬರ್ತಾರೆ" ಎಂದೆ. ಎರಡು ದಿನ ಮಾತು ಬಿಟ್ಟಿದ್ದಳು. ಮೂರನೆಯ ದಿನ ತುಳಸಿ ಎಲೆ ಕೇಳುವ ನೆಪದಲ್ಲಿ ಬಂದು, ಎರೆಹುಳದ ಹಾಗೆ ತೆವಳುವ ನಿನ್ನ ರೋಬೋಟ್ ಭೂಕಂಪದಲ್ಲಿ ಕುಸಿದ ಮನೆಯಡಿ ನುಗ್ಗಿ ಒಬ್ಬ ಮುದುಕನ ದನಿಯನ್ನು ಹುಡುಕಿದ ಕಥೆಯನ್ನು ಇನ್ನೊಮ್ಮೆ ಹೇಳಿಸಿಕೊಂಡು ಹೋದಳು.

ಆದ್ದರಿಂದ ನಾಚಿಕೆ ನಿನ್ನದಲ್ಲ ಮಗಳೇ. ನಾಚಿಕೆ ನನ್ನದು. ಅದರ ಬೇರು ನನ್ನ ಜಂಬದಲ್ಲಿದೆ.

ಕಂಚಿನ ಪ್ರತಿಮೆ ಎರಕ ಹೊಯ್ಯುವ ಫೌಂಡ್ರಿಗೆ ನಾನು ಸೇರಿದಾಗ ಹೆಂಗಸರು ಮೇಣದ ಪ್ರತಿಮೆಗಳ ಗೀರು ತಿದ್ದುತ್ತಿದ್ದರು, ಅಷ್ಟೇ. ಅಚ್ಚು ತೆಗೆಯುವುದು ಗಂಡಸರ ಕೆಲಸ. ನಾನು ಎಂಟು ವರ್ಷ ಅವರ ಬೆನ್ನ ಹಿಂದೆ ನಿಂತು ನೋಡಿ ಕಲಿತೆ. ಮೊದಲ ಸಲ ಒಂದು ಕುದುರೆಯ ತಲೆಗೆ ಒಬ್ಬಳೇ ಅಚ್ಚು ತೆಗೆದ ದಿನ ಯಜಮಾನ ಅದನ್ನು ತಿರುಗಿಸಿ ಮುರುಗಿಸಿ ನೋಡಿ, "ಯಾವನೋ ಇದು ಮಾಡಿದ್ದು?" ಎಂದು ಕೂಗಿದ. ನಾನು ಮುಂದೆ ಬಂದೆ. ಅವನು ಹಣೆ ಚಚ್ಚಿಕೊಂಡು, "ಇನ್ಮೇಲೆ ಇವಳ ಕೈಯಿಂದಾನೇ ಮಾಡ್ಸಿ, ನೀವೆಲ್ಲ ಮೇಣ ಉಜ್ಜಿ" ಎಂದ. ಆಮೇಲೆ ಮೂವತ್ತೊಂದು ವರ್ಷ. ಇಸೋಲಿನಾಳ ಒಂದೇ ಒಂದು ಅಚ್ಚು ಕೆಟ್ಟಿತೆಂದು ವಾಪಸು ಬಂದದ್ದಿಲ್ಲ. ಇದನ್ನು ನೀನು ಸಾವಿರ ಸಲ ಕೇಳಿದ್ದೀಯ. ಸಾವಿರ ಸಲ ಹೇಳಿದ್ದೇ ನನ್ನ ಕುತ್ತಿಗೆಗೆ ಬಂತು.

ನೀನು ಹದಿನಾಲ್ಕಕ್ಕೇ ಹೇಳಿಬಿಟ್ಟೆ, ಈ ಧೂಳಿನಲ್ಲಿ ನಾನು ಕಾಲಿಡುವುದಿಲ್ಲ ಎಂದು. ಪೀಸಾಕ್ಕೆ ಹೋದೆ, ಎಂಜಿನಿಯರ್ ಆದೆ. ಎಲ್ಲರೂ ಉಕ್ಕಿನ ಕೈ ಮಾಡುತ್ತಿದ್ದಾಗ ನೀನು ಮೆತ್ತಗಿನ ಕೈ ಮಾಡುತ್ತೇನೆ ಎಂದೆ. ನಿನ್ನ ಮೇಲಿನವನೊಬ್ಬ ಎಲ್ಲರೆದುರು, "ಮೇಡಂ ಅಡುಗೆಮನೆ ಗ್ಲೌಸ್‌ಗೆ ಗಾಳಿ ತುಂಬಿಸಿ ರೋಬೋಟ್ ಅಂತಾರೆ" ಎಂದು ನಗಿಸಿದ್ದನಂತಲ್ಲ? ಆ ಸಂಜೆ ನೀನು ನನ್ನ ಮೇಜಿನ ಮೇಲೆ ತಲೆಯಿಟ್ಟು ಅತ್ತೆ. ಮರುದಿನ ಮುಖ ತೊಳೆದುಕೊಂಡು ಮತ್ತೆ ಹೋದೆ. ಒಂದು ಆಕ್ಟೋಪಸ್ಸನ್ನು ತೊಟ್ಟಿಯಲ್ಲಿ ಸಾಕಿಕೊಂಡು ಏಳು ತಿಂಗಳು ಅದರ ಮುಂದೆ ಕೂತೆ. ನನ್ನ ಮೀನಿನ ಸಾರನ್ನು ಮುಟ್ಟುವುದನ್ನೇ ಬಿಟ್ಟೆ. ಅದನ್ನು ಮಾತ್ರ ನಾನಿನ್ನೂ ಕ್ಷಮಿಸಿಲ್ಲ.

೨೦೦೯ರ ಜನವರಿಯಲ್ಲಿ ನೀನು ಬಂದು, "ಅಮ್ಮಾ, ತೋಳು ಎರಕ ಹೊಯ್ಯೋಕೆ ಒಂದು ಅಚ್ಚು ಬೇಕು, ನಿನ್ನಷ್ಟು ಚೆನ್ನಾಗಿ ಮಾಡೋರು ನಂಗ್ಯಾರೂ ಗೊತ್ತಿಲ್ಲ" ಎಂದೆ. ಧೂಳಿನಲ್ಲಿ ಕಾಲಿಡದ ಮಗಳು ನನ್ನ ಕೈಯನ್ನು ಹುಡುಕಿಕೊಂಡು ಬಂದಿದ್ದಳು. ಆ ದಿನ ನಾನು ಎಷ್ಟು ಎತ್ತರಕ್ಕೆ ಹಾರಾಡಿದೆ ಎಂದು ನಿನಗೆ ಗೊತ್ತಿಲ್ಲ. ಫೌಂಡ್ರಿಯ ಹಳದಿ ಎಣ್ಣೆಮಣ್ಣಿನಲ್ಲಿ ತೋಳನ್ನು ತಿದ್ದಿದೆ, ಒಂದೊಂದು ಹೀರುಬಟ್ಟಲನ್ನೂ ಬೆರಳ ತುದಿಯಿಂದ ಕೂರಿಸಿದೆ. ಅದರ ಮೇಲೆ ಪ್ಲಾಸ್ಟರ್ ಹೊಯ್ದು ಅಚ್ಚು ತೆಗೆದೆ. ನನ್ನ ಜೀವಮಾನದ ಅತಿ ಚೆಂದದ ಅಚ್ಚು ಅದು.

ಆಮೇಲೆ ಆದದ್ದು ನಿನಗೆ ನನಗಿಂತ ಚೆನ್ನಾಗಿ ನೆನಪಿದೆ. ಹನ್ನೊಂದು ವಾರ, ನೀನು ಹೊಯ್ದ ಒಂದು ತೋಳೂ ಗಟ್ಟಿಯಾಗಲಿಲ್ಲ. ಒಳಗೆ ರಬ್ಬರು, ಮೇಲೆ ಗೊಣ್ಣೆಯ ಹಾಗೆ ಅಂಟು. ಬೆರೆಸುವುದು ಸರಿಯಿಲ್ಲ ಎಂದು ನೀನು ಅಂದುಕೊಂಡೆ, ತಕ್ಕಡಿ ಬದಲಿಸಿದೆ, ಕೋಣೆಯ ತೇವ ಅಳೆದೆ. ಹಣ ಕೊಟ್ಟವರು ಪರಿಶೀಲನೆಗೆ ಬಂದಾಗ ನೀನು ಅವರ ಮುಂದೆ ನಿಂತು, "ನನ್ನ ಕೈಯಲ್ಲೇ ಏನೋ ತಪ್ಪಿದೆ, ಜೂನ್ ತನಕ ಸಮಯ ಕೊಡಿ" ಎಂದು ಬೇಡಿಕೊಂಡೆ. ಜೂನಿಗೆ ತೋಳು ಆಡದಿದ್ದರೆ ಎಲ್ಲವೂ ಮುಚ್ಚುತ್ತಿತ್ತು. ಅಚ್ಚನ್ನು ಮಾತ್ರ ನೀನು ಒಮ್ಮೆಯೂ ಅನುಮಾನಿಸಲಿಲ್ಲ. ಅದು ಇಸೋಲಿನಾಳ ಅಚ್ಚಲ್ಲವೇ!

ಈಗ ಕೇಳು. ಏಪ್ರಿಲ್ ಕೊನೆಯ ಶುಕ್ರವಾರ ನಾನು ಎಣ್ಣೆಮಣ್ಣು ತರಲು ಶಿಲ್ಪಿಗಳ ಸಾಮಾನಿನ ಅಂಗಡಿಗೆ ಹೋದೆ. ಅಂಗಡಿಯವನು ಕಟ್ಟು ಕಟ್ಟುತ್ತಾ, "ಅಮ್ಮಾ, ಈಗೀಗ ಬರ್ತಿರೋ ಹೊಸ ಸಿಲಿಕೋನ್ ಹೊಯ್ಯೋ ಕಡೆ ಇದನ್ನ ಮುಟ್ಟಿಸ್ಬೇಡಿ. ಇದ್ರಲ್ಲಿ ಗಂಧಕ ಇದೆ. ಗಂಧಕದ ವಾಸನೆ ಬಡಿದ್ರೂ ಸಾಕು, ಅದು ಅಂಟಂಟಾಗೇ ಉಳೀತದೆ" ಎಂದ. ಫೌಂಡ್ರಿಯಲ್ಲಿ ನಾವು ಬಳಸುತ್ತಿದ್ದ ಹಳೆಯ ರಬ್ಬರಿಗೆ ಗಂಧಕ ಏನೂ ಮಾಡುತ್ತಿರಲಿಲ್ಲ. ನೀನು ಹೊಯ್ಯುತ್ತಿದ್ದದ್ದು ಆ ಹೊಸ ಸಿಲಿಕೋನ್. ನನ್ನ ಮಣ್ಣಿನ ಎಣ್ಣೆ ಪ್ಲಾಸ್ಟರಿನ ರಂಧ್ರಗಳಲ್ಲೆಲ್ಲ ಇಳಿದಿತ್ತು. ನಿನ್ನ ಹನ್ನೊಂದು ವಾರವನ್ನು ತಿಂದದ್ದು ನನ್ನ ಕೈ.

ಅಲ್ಲಿಂದಲೇ ಫೋನ್ ಮಾಡಬೇಕಿತ್ತು. ಮಾಡಲಿಲ್ಲ. ಮೂವತ್ತೊಂದು ವರ್ಷದ ಜಂಬ ಬಿಡಲಿಲ್ಲ. ಭಾನುವಾರ ಬೆಳಿಗ್ಗೆಯಿಂದ ಕೂತು ಅದೇ ತೋಳನ್ನು ಶುದ್ಧ ಮೇಣದಲ್ಲಿ ತಿದ್ದಿ, ಹೊಸ ಅಚ್ಚು ತೆಗೆದು, ಅದು ಒಣಗಿದ ಮೇಲೆ ಪೀಸಾಕ್ಕೆ ತಂದುಕೊಟ್ಟೆ. ಅಂಟು ತೆಗೆದುಕೊಡಲು ಮನೆಗೆ ತಂದಿದ್ದ ಹಳೆಯದು ಕೈಜಾರಿ ಒಡೆಯಿತು ಎಂದೆ. ನೀನು ಅದನ್ನು ಬೆಳಕಿಗೆ ಹಿಡಿದು, "ಇದು ಹಳೇದರ ಥರಾನೇ ಮಾಡಿದ್ದಾ ಅಮ್ಮಾ? ಏನಾದ್ರೂ ಬದಲಾಗಿದ್ಯಾ? ಬರ್ಕೋಬೇಕು" ಎಂದು ಕೇಳಿದೆ. ಎಷ್ಟು ಸರಿಯಾಗಿ ಕೇಳಿದೆ ನೋಡು! ನಾನು ನಿನ್ನ ಕಣ್ಣನ್ನೇ ನೋಡುತ್ತಾ, ಕೂದಲೆಳೆಯಷ್ಟೂ ಬದಲಾಗಿಲ್ಲ ಎಂದೆ. ನೀನು ಹಾಗೆಯೇ ಬರೆದುಕೊಂಡೆ.

ಅದೇ ದಿನ ನೀನು ಹೊಸದೊಂದು ಪ್ರಯತ್ನ ಶುರುಮಾಡಿದ್ದೆ. ರಬ್ಬರು ಹೊಯ್ದ ಅಚ್ಚನ್ನು ಒಲೆಯಲ್ಲಿ ಅರವತ್ತು ಡಿಗ್ರಿಯಲ್ಲಿ ನಾಲ್ಕು ಗಂಟೆ ಇಟ್ಟೆ. ತೋಳು ಹೊರಬಂತು, ಒಣಗಿ, ನಯವಾಗಿ, ಎಳೆದರೆ ಹಿಗ್ಗುವ ಹಾಗೆ. ನೀನು ಫೋನಿನಲ್ಲಿ ಕಿರುಚಿದ್ದು ಅರ್ಜಿಯಾಳ ಮನೆಗೂ ಕೇಳಿತ್ತು. ಅಚ್ಚು ಬದಲಾಗಿಲ್ಲ ಎಂದು ನಂಬಿದ ನೀನು, ತೋಳು ಗಟ್ಟಿಯಾದದ್ದು ಆ ನಾಲ್ಕು ಗಂಟೆಯ ಬಿಸಿಯಿಂದಲೇ ಎಂದು ಪ್ರಬಂಧದಲ್ಲಿ ಬರೆದೆ. ಜೂನಿನಲ್ಲಿ ಆ ತೋಳು ತೊಟ್ಟಿಯ ಮೇಲಿಂದ ಬಾಗಿ, ಬಿರಿಯುವಷ್ಟು ಹಣ್ಣಾದ ಒಂದು ಅಂಜೂರವನ್ನು ಸುತ್ತಿ ಹಿಡಿದು, ಸಿಪ್ಪೆಗೆ ಗೀರೂ ಆಗದಂತೆ ಆ ಪರಿಶೀಲಕನ ಅಂಗೈ ಮೇಲೆ ಇಟ್ಟಿತು. ಅವನು ಅದನ್ನು ಅಲ್ಲೇ ತಿಂದುಬಿಟ್ಟ. ನಾನು ಹಿಂದಿನ ಬಾಗಿಲ ಬಳಿ ನಿಂತು ನೋಡುತ್ತಿದ್ದೆ. ಎದೆ ಹಿಗ್ಗಿತು, ಅದೇ ಎದೆಯಲ್ಲಿ ಮುಳ್ಳೂ ಇತ್ತು. ಆಯಿತಲ್ಲ, ಒಳ್ಳೆಯದೇ ಆಯಿತಲ್ಲ, ಇನ್ನು ಹೇಳಿ ಏನು ಪ್ರಯೋಜನ ಎಂದುಕೊಂಡೆ.

ಅಲ್ಲಿಂದ ನೀನು ತಿರುಗಿ ನೋಡಲಿಲ್ಲ. ಹಣ್ಣು ಕೀಳುವ ಮೆತ್ತನೆಯ ಬೆರಳು ಬಂತು, ಬೇರಿನ ಹಾಗೆ ಮಣ್ಣಿನೊಳಗೆ ಬೆಳೆಯುತ್ತಾ ಹೋಗುವ ಯಂತ್ರ ಬಂತು, ಯಕೃತ್ತಿಗೆ ನೋವಾಗದಂತೆ ಅದರ ಪಕ್ಕದಲ್ಲಿ ಬಳಸಿ ಹೋಗುವ ಶಸ್ತ್ರವೈದ್ಯರ ತೋಳು ಬಂತು. ಗ್ಲೌಸ್ ಎಂದು ನಕ್ಕವನೇ ತನ್ನ ಮಗನನ್ನು ನಿನ್ನ ಬಳಿ ಓದಲು ಕಳಿಸಿದ. ನೀನು ಸೇರಿಸಿಕೊಂಡೆ. ನಾನಾಗಿದ್ದರೆ ಮೊದಲು ಆ ಅಪ್ಪನ ಕೈಗೆ ಪಾತ್ರೆ ತೊಳೆಯಲು ಕೊಟ್ಟಿರುತ್ತಿದ್ದೆ.

ಈ ವರ್ಷ ಮೇ ತಿಂಗಳಿನಲ್ಲಿ ನಾನು ನಿನ್ನ ಪ್ರಯೋಗಶಾಲೆಗೆ ಬಂದಿದ್ದೆನಲ್ಲ, ನೀನು ಮೀಟಿಂಗಿನಲ್ಲಿದ್ದೆ. ನಿನ್ನ ವಿದ್ಯಾರ್ಥಿನಿ, ಚಿಲಿ ದೇಶದ ಆ ಹುಡುಗಿ ಹಿಮೆನಾ ಒಲೆಯ ಮುಂದೆ ಕೂತಿದ್ದಳು. ಊಟಕ್ಕೆ ಬಾ ಎಂದರೆ, "ಆಗಲ್ಲ ಅಜ್ಜಿ, ಒರ್ನೆಲ್ಲಾ ನಾಲ್ಕು ಗಂಟೆ ನಡೀತಿದೆ" ಎಂದಳು. ಅದೇನೆಂದು ಕೇಳಿದೆ. ಅಚ್ಚನ್ನು ನಾಲ್ಕು ಗಂಟೆ ಬಿಸಿಯಲ್ಲಿಡುವುದನ್ನು ನಿನ್ನ ಪ್ರಬಂಧ ಓದಿದವರೆಲ್ಲ ಹಾಗೇ ಕರೆಯುವುದಂತೆ. ಅವಳ ಊರಿನಲ್ಲೂ ಹಾಗೇ ಮಾಡುತ್ತಿದ್ದರಂತೆ, ಕೊರಿಯಾದಲ್ಲೂ. ಒಲೆಯಲ್ಲಿಡದೆ ಬಿಟ್ಟರೆ ಏನಾಗುತ್ತದೆ ಎಂದೆ. "ಯಾರಿಗ್ ಗೊತ್ತು? ಚೆನ್ನಾಗಿ ಬರ್ತಿರೋದನ್ನ ಯಾರ್ ಕೆಡಿಸ್ಕೊಳ್ತಾರೆ" ಎಂದು ನಕ್ಕಳು. ನನಗೆ ನಗು ಬರಲಿಲ್ಲ. ನನ್ನ ಒಂದು ಸುಳ್ಳಿಗಾಗಿ ಪ್ರಪಂಚದ ಎಷ್ಟು ಮಕ್ಕಳು ಮಧ್ಯಾಹ್ನದ ಊಟ ಬಿಟ್ಟು ಒಲೆ ಕಾಯುತ್ತಿದ್ದಾರೋ! ಹೋಗಲಿ, ಊಟ ಬಿಡಲಿ. ನನ್ನ ಮಗಳ ಹೆಸರಿನಲ್ಲಿ ನಿಜವಲ್ಲದ ಒಂದು ಮಾತು ಓಡಾಡುತ್ತಿದೆ, ಅದನ್ನು ಓಡಿಸಿದವಳು ನಾನು.

ಇದಕ್ಕೇ ನಾನು ಮೊದಲ ಸಾಲಿನಲ್ಲಿ ಕೂರಲಾರೆ. ಆ ಅಚ್ಚಿಗಾಗಿ ನೀನು ಚಪ್ಪಾಳೆ ಹೊಡೆಸಿದರೆ ನನ್ನಿಂದ ತಡೆಯಲಾಗುವುದಿಲ್ಲ.

ನೀನು ಸುಳ್ಳು ಬರೆಯಲಿಲ್ಲ ಒರ್ನೆಲ್ಲಾ. ಕೇಳಬೇಕಾದ ಪ್ರಶ್ನೆಯನ್ನು ಕೇಳಿದೆ, ಸಿಕ್ಕ ಉತ್ತರವನ್ನು ಬರೆದೆ. ಹದಿನೆಂಟನೇ ತಾರೀಕು ಆ ಹೊಸ ಮಕ್ಕಳ ಮುಂದೆ ನಿಂತು ಅದನ್ನೇ ಹೇಳು. ಅಂದು ಎರಡು ಸಂಗತಿ ಬದಲಾಗಿತ್ತು, ನನಗೆ ಒಂದೇ ಗೊತ್ತಿತ್ತು ಎಂದು ಹೇಳು. ಮುಚ್ಚಿಟ್ಟವಳು ಯಾರೆಂದೂ ಹೇಳು. ನಿನ್ನನ್ನು ನೋಡಿ ನಗುತ್ತಾರೆ ಎಂದು ಹೆದರಬೇಡ. ನಗುವವರ ನಡುವೆ ಬೆಳೆದು ನೀನು ಇಷ್ಟಾದವಳು. ತನ್ನ ಹೆಸರಿಟ್ಟ ವಿಧಾನವನ್ನು ತಾನೇ ಅಳಿಸುವ ಮಗಳನ್ನು ಹೆತ್ತೆ ಎಂದು ನಾನು ಬೀಗಬೇಕು. ಆ ಬೀಗುವಿಕೆಯ ಮುಂದೆ ಮೂವತ್ತೊಂದು ವರ್ಷ ಕೆಡದ ಅಚ್ಚಿನ ಜಂಬ ನನಗೆ ಬೇಡ. ಹಾಗೆ ಹೇಳುವುದಾದರೆ ಮಾತ್ರ ನನ್ನ ಕುರ್ಚಿ ಇಡು. ನಾನು ಎದ್ದು ನಿಲ್ಲುತ್ತೇನೆ, ಬೇಕಾದವರು ಬಯ್ಯಲಿ.

ಕೋಪ ಬಂದರೆ ನೀನೂ ಕಾಗದದಲ್ಲೇ ಬಯ್ಯಿ. ಇಟ್ಟುಕೊಳ್ಳುತ್ತೇನೆ.

ತಪ್ಪು ಮಾಡಿಯೂ ಬೀಗುತ್ತಿರುವ
ನಿನ್ನ ಅಮ್ಮ,
ಇಸೋಲಿನಾ

ಮರೆತಿದ್ದು: ಒಬ್ಬರ ನೆನಪಿನ ಮೇಲೆ ಯಾವುದನ್ನೂ ನಂಬಬಾರದು ಎಂದು ನೀನು ಹೇಳುತ್ತೀಯಲ್ಲ, ಅದಕ್ಕೆ ಜೂನಿನಿಂದ ಬೇಸಿಗೆಯೆಲ್ಲ ಇದೇ ಕೆಲಸ ಮಾಡಿದೆ. ಮೇಣದಿಂದ ತೆಗೆದ ಅಚ್ಚಿನಲ್ಲಿ ಹನ್ನೆರಡು ತೋಳು ಹೊಯ್ದೆ. ಆರನ್ನು ಒಲೆಯಲ್ಲಿ ನಾಲ್ಕು ಗಂಟೆ ಇಟ್ಟೆ, ಆರನ್ನು ಕಿಟಕಿಯ ಬಳಿ ಸುಮ್ಮನೆ ಬಿಟ್ಟೆ. ಯಾವುದು ಯಾವುದೆಂದು ನನಗೆ ತಿಳಿಯದ ಹಾಗೆ ಅರ್ಜಿಯಾ ಬೆರೆಸಿ, ಗುರುತನ್ನು ತನ್ನಲ್ಲೇ ಇಟ್ಟುಕೊಂಡಳು. ಒಂದೊಂದಕ್ಕೂ ಒಂದೇ ತೂಕ ತೂಗುಬಿಟ್ಟು ಎಷ್ಟು ಹಿಗ್ಗಿತೆಂದು ದರ್ಜಿ ಟೇಪಿನಲ್ಲಿ ಅಳೆದೆ, ಏನೂ ವ್ಯತ್ಯಾಸವಿಲ್ಲ. ಎರಡು ಹರಿದವು, ಒಲೆಯದೊಂದು, ಕಿಟಕಿಯದೊಂದು. ಹಳದಿ ಮಣ್ಣಿನಿಂದ ತೆಗೆದ ಅಚ್ಚಿನಲ್ಲೂ ಮೂರು ಹೊಯ್ದು ನಾಲ್ಕು ಗಂಟೆ ಬಿಸಿಯಲ್ಲಿಟ್ಟೆ, ಮೂರೂ ಅಂಟೇ. ಲೆಕ್ಕದ ಹಾಳೆಗಳನ್ನು ಇದರೊಂದಿಗೆ ಇಟ್ಟಿದ್ದೇನೆ. ನಾನು ಹೇಳಿದೆನೆಂದು ಒಪ್ಪಬೇಡ, ಹಿಮೆನಾಳ ಕೈಯಲ್ಲಿ ಇನ್ನೊಮ್ಮೆ ಮಾಡಿಸಿ ನೋಡು. ಇದನ್ನು ಪ್ರಕಟಿಸುವಾಗ ತನ್ನ ಹೆಸರೂ ಹಾಕುತ್ತಾರಾ ಎಂದು ಅರ್ಜಿಯಾ ಕೇಳುತ್ತಿದ್ದಾಳೆ. ಹಾಕಲಿ ಬಿಡೇ, ಆದರೆ ಎರಡನೆಯದಾಗಿ, ಮೊದಲ ಹೆಸರು ನನ್ನದೇ, ತಪ್ಪು ಮಾಡಿದವಳು ನಾನು ಎಂದು ಹೇಳಿದ್ದೇನೆ.