ಬರೆಯದೆ ಉಳಿದ ಮಾತ್ರೆ

ಭಾವ,

ನಿಮಗೆ ಕಾಗದ ಬರೆಯುವ ಅಭ್ಯಾಸ ನನಗಿರಲಿಲ್ಲ. ವಿನೋಬನಗರದಲ್ಲಿ ಬಸ್ಸು ಹತ್ತಿ ನ್ಯೂ ಟೌನಿನ ನಿಮ್ಮ ಮನೆಗೆ ಬಂದರೆ ಬಾಯಲ್ಲೇ ಮುಗೀತಿತ್ತು. ಈಗ ಬಂದರೂ ನೀವಿಲ್ಲ, ಅದಕ್ಕೇ ಇದು. ವಿಷಯ ಒಂದೇ. ನಿಮ್ಮ ಬೆನ್ನುನೋವಿನ ಲೇಹ್ಯ ನಿಲ್ಲಿಸಿದ್ದರಲ್ಲಿ ತಪ್ಪಾಗಿದೆ. ಅರ್ಧ ತಪ್ಪು ನಿಮ್ಮದು ಅಂತ ಇಷ್ಟು ದಿನ ಅಂದುಕೊಂಡಿದ್ದೆ. ಈಗ ಅಷ್ಟು ಖಚಿತವಿಲ್ಲ.

ರವೀಂದ್ರನಗರದ ಪಂಡಿತರ ಮುಂದೆ ನೀವು, ಅಕ್ಕ, ನಾನು ಕೂತಿದ್ದು ನೆನಪಿದೆಯಾ? ಮೂವತ್ತು ವರ್ಷ ಕಾರ್ಖಾನೆಯ ಕುಲುಮೆ ಮುಂದೆ ದುಡಿದ ಬೆನ್ನು ಯಾವ ಇಂಜೆಕ್ಷನ್ನಿಗೂ ಜಗ್ಗಿರಲಿಲ್ಲ. ಪಂಡಿತರು ಡಬ್ಬಿ ಕೊಡುತ್ತಾ, "ಇದರಲ್ಲಿ ಭಂಗಿ ಸೊಪ್ಪಿದೆ" ಅಂದರು.

"ಗಾಂಜಾ ಗಿಡದ್ದಾ?" ಅಂದಳು ಅಕ್ಕ.

"ಅದೇ ಗಿಡದ ಎಲೆ ಕಣಮ್ಮ, ಶುದ್ಧಿ ಮಾಡಿದ್ದು. ರಾತ್ರಿ ಊಟ ಆದ್ಮೇಲೆ ಕಡಲೆಕಾಳಿನಷ್ಟು. ನೋವು ತಗ್ಗಬಹುದು, ತಲೆಗೂ ಹತ್ತಬಹುದು. ನಿದ್ದೆ, ಹಸಿವು, ಬಾಯಿ ಒಣಗೋದು, ತಲೆ ತಿರುಗೋದು, ಎಲ್ಲ ದಿನಾ ಬರೆದಿಡಿ. ತಿನ್ನೋರು ಬರೆಯೋದು ಬೇಡ, ನೋಡೋರು ಬರೀಲಿ."

ನಾನೇ ಒಪ್ಪಿಕೊಂಡೆ. ವೇ ಬ್ರಿಡ್ಜ್ ಇಟ್ಟುಕೊಂಡು ದಿನವೆಲ್ಲ ಲಾರಿ ತೂಗಿ ಬರೆಯುವವನಿಗೆ ಒಬ್ಬ ಭಾವನನ್ನು ಬರೆಯುವುದು ಯಾವ ದೊಡ್ಡ ಕೆಲಸ?

ದಿನಾ ಬೆಳಗ್ಗೆ ಎಂಟಕ್ಕೆ ನಾನು ಫೋನ್ ಮಾಡುತ್ತಿದ್ದೆ, ಅಕ್ಕ ವರದಿ ಒಪ್ಪಿಸುತ್ತಿದ್ದಳು. "ಬಾಯಿ ಒಣಗುತ್ತೆ ಅಂತಾರೆ, ಮಾತು ಮಾತ್ರ ನಿಂತಿಲ್ಲ." "ನಿನ್ನೆ ವಾರ್ತೆ ನೋಡ್ಕೊಂಡು ನಕ್ಕರು ಕಣೋ, ಅದನ್ನೂ ಬರ್ಕೋ." ಹಿಂದಿನಿಂದ ನಿಮ್ಮ ದನಿ: "ಇವತ್ತು ಎಷ್ಟು ಟನ್ ಇದ್ದೀನಂತೆ, ಕೇಳು ಮಾರಾಯ್ತಿ." ಎರಡನೇ ವಾರದ ಪುಟ ಈಗಲೂ ನನ್ನ ಹತ್ತಿರ ಇದೆ. ನಿದ್ದೆ ಆರು ಗಂಟೆ. ಮಾರ್ಕೆಟ್ಟಿಗೆ ನಡೆದು ಹೋಗಿ ಬಂದರು. ಎಷ್ಟು ವರ್ಷದ ಮೇಲೆ ಭಾವ, ನೀವು ಸೊಪ್ಪು ತರೋಕೆ ಅಂತ ಹೊರಟಿದ್ದು?

ಮೂರನೇ ವಾರ ನೀವು ಬಚ್ಚಲಲ್ಲಿ ಬಿದ್ದಿರಿ. ಮೂಳೆ ಮುರಿಯಲಿಲ್ಲ, ಆದರೆ ಅದಕ್ಕೆ ಮುಂಚಿನ ನಾಲ್ಕು ದಿನವೂ ಎದ್ದು ನಿಂತ ಕೂಡಲೇ ತಲೆ ತಿರುಗಿದ್ದು ಪುಸ್ತಕದಲ್ಲಿತ್ತು. ಪುಸ್ತಕ ಹಿಡಿದು ಪಂಡಿತರ ಹತ್ತಿರ ಓಡಿದೆ. "ಬೇರೆ ಏನಾದ್ರೂ ಔಷಧಿ ತಗೋತಿದ್ದಾರಾ?" ಅಂತ ಕೇಳಿದರು. ನಿಮಗೆ ಫೋನ್ ಮಾಡಿ ಕೇಳಬಹುದಿತ್ತು, ಅವರ ಮೇಜಿನ ಮೇಲೆಯೇ ಫೋನಿತ್ತು. ನಾನು ಅಂದೆ, "ಆ ಮನೇಲಿ ನನಗೆ ಗೊತ್ತಿಲ್ಲದ್ದು ಏನೂ ಇಲ್ಲ." ಅವರು ಲೇಹ್ಯ ನಿಲ್ಲಿಸಿ ಅಂದರು. ಖಾಲಿ ಲಾರಿ ತೂಗದೆ ಮಾಲಿನ ತೂಕ ಬರೆದುಕೊಡುವವನನ್ನು ನಾನಾಗಿದ್ದರೆ ಅವತ್ತೇ ಕೆಲಸದಿಂದ ತೆಗೆಯುತ್ತಿದ್ದೆ.

ಸುದ್ದಿ ಹೇಳಿದಾಗ ನೀವು ವಾದ ಮಾಡಲಿಲ್ಲ. "ಹೋಗ್ಲಿ ಬಿಡು, ನಿನ್ನ ಪುಸ್ತಕ ಹೇಳಿದ ಮೇಲೆ ಮುಗೀತು" ಅಂದಿರಿ. ವಾರದೊಳಗೆ ನೋವು ವಾಪಸು ಬಂತು. ಮಲಗಲಾಗದೆ ಕುರ್ಚಿಯಲ್ಲಿ ಕೂತೇ ನಾಲ್ಕು ತಿಂಗಳು ಕಳೆದಿರಿ, ಕೊನೆಗೆ ಹೃದಯವೇ ನಿಂತಿತು. ಆ ನಾಲ್ಕು ತಿಂಗಳೂ ತಲೆ ತಿರುಗುವುದು ನಿಂತಿರಲಿಲ್ಲವಂತೆ. ಅಕ್ಕ ನಿಶ್ಶಕ್ತಿ ಅಂದುಕೊಂಡಳು. ನಾನು? ಔಷಧಿ ನಿಂತಿತಲ್ಲ, ಬರೆಯುವುದನ್ನೂ ನಿಲ್ಲಿಸಿದ್ದೆ.

ಹೋದ ತಿಂಗಳು ಅಕ್ಕ ನಿಮ್ಮ ಶೇವಿಂಗ್ ಡಬ್ಬಿ ತೆಗೆದಳು. ಬ್ಲೇಡಿನ ಕೆಳಗೆ ಖಾಲಿ ಮಾತ್ರೆ ಪಟ್ಟಿಗಳು, ಭದ್ರಾವತಿಯ ಒಬ್ಬ ಡಾಕ್ಟರ ಚೀಟಿ. ತಾರೀಕು ಲೇಹ್ಯದ ಮೂರನೇ ವಾರದ್ದು, ನಿಮಗೆ ತಲೆ ತಿರುಗೋಕೆ ಶುರುವಾದ ಹಿಂದಿನ ದಿನದ್ದು. ಪಂಡಿತರಿಗೆ ತೋರಿಸಿದೆ. "ಮೂತ್ರ ಕಟ್ಟಿಕೊಂಡ್ರೆ ಕೊಡೋ ಮಾತ್ರೆ. ಎದ್ದ ತಕ್ಷಣ ತಲೆ ತಿರುಗಿಸೋದು ಇದರ ಗುಣ. ಜೊತೆಗೆ ಲೇಹ್ಯ ಸೇರಿದ್ರೆ ಇನ್ನೂ ಜಾಸ್ತಿ. ಗೊತ್ತಿದ್ದಿದ್ರೆ ಆ ಡಾಕ್ಟರ ಹತ್ತಿರ ಮಾತಾಡಿ ಮಾತ್ರೆ ಬದಲಾಯಿಸಬಹುದಿತ್ತೇನೋ. ಈಗ ಏನು ಹೇಳಲಿ?"

ನನಗೆ ಸಿಟ್ಟು ಬಂತು, ಭಾವ. ಅಕ್ಕನ ಮುಂದೆ ಕೂಗಾಡಿದೆ. "ಒಂದು ಮಾತು ನನಗೆ ಹೇಳೋಕೆ ಏನಾಗಿತ್ತು ಅವರಿಗೆ?"

ಅಕ್ಕ ಅಕ್ಕಿ ಆರಿಸುವುದನ್ನು ಬಿಡಲಿಲ್ಲ. "ನನಗೇ ಹೇಳಿಲ್ಲ, ಇನ್ನು ನಿನಗೆ ಹೇಳ್ತಾರಾ? ಅವರ ಹಲ್ಲಿನ ಸೆಟ್ಟು ಪಾಯಸಕ್ಕೆ ಬಿದ್ದಿದ್ದನ್ನ ನೀನು ಇಡೀ ಮದುವೆಮನೆಗೆ ಆಕ್ಟಿಂಗ್ ಮಾಡಿ ತೋರಿಸಿದೆ."

ಹೌದು, ತೋರಿಸಿದ್ದೆ. ಎಲ್ಲರೂ ನಕ್ಕರು. ನೀವೂ ನಕ್ಕಿರಿ, ಬಾಯಿಗೆ ಕೈ ಅಡ್ಡ ಇಟ್ಟುಕೊಂಡು. ಮೂತ್ರದ ಮಾತ್ರೆಯ ವಿಷಯ ಸಿಕ್ಕಿದ್ದರೆ ನಾನು ಸುಮ್ಮನಿರುತ್ತಿದ್ದೆನೇ?

ಮೊನ್ನೆ ನಿಮ್ಮ ಜೊತೆ ಕುಲುಮೆಯಲ್ಲಿದ್ದ ರಂಗಪ್ಪ ಗುಜರಿ ಲಾರಿ ಜೊತೆ ತೂಕಕ್ಕೆ ಬಂದಿದ್ದ. ಅವನಿಗೂ ಬೆನ್ನುನೋವು, ಪಂಡಿತರ ಲೇಹ್ಯದ ಆಸೆ. "ನಿಮ್ಮ ಭಾವ ಅದನ್ನ ತಿಂದೇ ಬಿದ್ದರಂತಲ್ಲ, ನಿಜವಾ?" ಅಂದ. ಇಡೀ ಕಥೆ ನಾಲಿಗೆ ತುದಿಗೆ ಬಂತು. ಸುತ್ತ ನಾಲ್ಕು ಜನ ಕೇಳುವವರೂ ಇದ್ದರು.

"ಅದೊಂದರಿಂದಲೇ ಅಲ್ಲ" ಅಂದೆ. "ಪಂಡಿತರ ಹತ್ತಿರ ಹೋಗು. ನೀನು ನುಂಗೋದನ್ನೆಲ್ಲ, ಯಾವ ಕಾಯಿಲೇದಾದ್ರೂ ಸರಿ, ಅವರಿಗೆ ಹೇಳು. ಒಬ್ಬನೇ ಹೋಗು. ಭಾವಮೈದನನ್ನ ಕರ್ಕೊಂಡು ಹೋಗಬೇಡ."

ರಂಗಪ್ಪ ನಕ್ಕ. ಯಾಕೆ ಅಂತ ಕೇಳಿದ. ಲಾರಿ ಮುಂದೆ ತೆಗೆಯೋಕೆ ಹೇಳಿದೆ.